ಮೂರೂವರೆ ನಂಬರಿನ ರೀಡು

ಪೀಣ್ಯ ಎರಡನೆಯ ಹಂತದ ಆ ಕಾರ್ಖಾನೆಯಲ್ಲಿ ವಿದ್ಯುತ್ ಪ್ಯಾನೆಲ್‌ಗಳಿಗೆ ತಗಡಿನ ಪೆಟ್ಟಿಗೆಗಳು ತಯಾರಾಗುತ್ತಿದ್ದವು. ಚಿಕ್ಕಬೈರಪ್ಪ ಅಲ್ಲಿ ಫಿಟ್ಟರ್. ಲಗ್ಗೆರೆಯ ಹಳೆಯ ಒಕ್ಕಲು ಮನೆತನದವನು. ಕಾರ್ಖಾನೆಯ ಕಾಂಪೌಂಡಿನಾಚೆ ನೀಲಗಿರಿ ಬೆಳೆದಿದ್ದ ತುಂಡು ಜಮೀನು ಒಂದು ಕಾಲಕ್ಕೆ ಅವನ ಅಜ್ಜನದಾಗಿತ್ತು. ಈ ಸಂಗತಿಯನ್ನು ಅವನಾಗಿ ಯಾರಿಗೂ ಹೇಳುತ್ತಿರಲಿಲ್ಲ. ಬೇರೆಯವರು ಹೇಳಿದರೆ ಅಲ್ಲವೆನ್ನುತ್ತಲೂ ಇರಲಿಲ್ಲ. ಜನ ಅವನ ಬಗ್ಗೆ ಆಡುತ್ತಿದ್ದ ಮಾತುಗಳೇ ಬೇರೆ: ತಗಡನ್ನು ಬೆರಳಿನಿಂದ ಸವರಿಯೇ ಎಷ್ಟು ಗೇಜಿನದೆಂದು ಹೇಳಬಲ್ಲ, ಮತ್ತು ಸ್ಯಾಕ್ಸೋಫೋನು ಊದುತ್ತಾನೆ.

ಆ ವಾದ್ಯ ಅವನ ಕೈಗೆ ಬಂದದ್ದು ಚಿಕ್ಕಬಾಣಾವರದಿಂದ. ಅಲ್ಲಿ ಅವನ ಅಕ್ಕನನ್ನು ಕೊಟ್ಟಿತ್ತು. ಅಕ್ಕನ ಮನೆಯ ಹಿಂದೆ ರೈಲ್ವೆ ಕ್ವಾರ್ಟರ್ಸು. ಅಲ್ಲಿ ರೈಲು ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದ ಸವರಿಯಪ್ಪ ಮೊದಲು ಸೇನೆಯ ಬ್ಯಾಂಡಿನಲ್ಲಿದ್ದವನು. ಬೈರಪ್ಪ ಹಲವು ವರ್ಷ ಭಾನುವಾರಗಳಂದು ಸೈಕಲ್ಲು ತುಳಿದುಕೊಂಡು ಹೋಗಿ ಅವನ ಬಳಿ ಕಲಿತ. ಸವರಿಯಪ್ಪ ಮಿತಭಾಷಿ. ಬೆರಳು ಎಲ್ಲಿಡಬೇಕು, ಉಸಿರು ಎಲ್ಲಿ ತೆಗೆಯಬೇಕು, ಇಷ್ಟೇ ಅವನ ಪಾಠ. ಬಾಯಿಗಿಡುವ ಮೌತ್‌ಪೀಸನ್ನು ಸಿಕ್ಕಿಸಿ, ಅದರ ತಳಕ್ಕೆ ರೀಡನ್ನು ಕೂಡಿಸಿ, ಪಟ್ಟಿ ಬಿಗಿದು, ತಾನೇ ಸಿದ್ಧಮಾಡಿ ಶಿಷ್ಯನ ಕೈಗೆ ಕೊಡುತ್ತಿದ್ದ. ರೀಡು ಎಂದರೆ ಬೆರಳುದ್ದದ ಜೊಂಡಿನ ಸೀಳು. ಅದು ನಡುಗಿದರೆ ನಾದ. ನಡುಗದಿದ್ದರೆ ಅಷ್ಟು ದೊಡ್ಡ ಹಿತ್ತಾಳೆಯ ವಾದ್ಯವೂ ಬರಿಯ ಕೊಳಾಯಿ. ಇಷ್ಟನ್ನು ಬೈರಪ್ಪ ಬಲ್ಲ. ಅದಕ್ಕಿಂತ ಹೆಚ್ಚು ತಿಳಿಯುವ ಅಗತ್ಯ ಅವನಿಗೆ ಒದಗಿರಲಿಲ್ಲ.

ಸವರಿಯಪ್ಪ ತೀರಿಕೊಂಡ ಮೇಲೆ ಅವನ ಹೆಂಡತಿ ಮರಿಯಮ್ಮ ವಾದ್ಯವನ್ನು ಪೆಟ್ಟಿಗೆ ಸಮೇತ ಬೈರಪ್ಪನಿಗೆ ಒಪ್ಪಿಸಿದಳು. "ಊದೋರ ಮನೇಲಿರ್ಲಿ. ನಮ್ಮನೇಲಿದ್ರೆ ಜಿರಲೆ ಸೇರ್ಕೊಳ್ತದೆ" ಎಂದಳು. ಪೆಟ್ಟಿಗೆಯ ಮೂಲೆಯಲ್ಲಿ ಒಂದು ನಶ್ಯದ ಡಬ್ಬಿ, ಅದರಲ್ಲಿ ಕೆಲವು ರೀಡುಗಳು. ಎಲ್ಲದರ ಬೆನ್ನ ಮೇಲೂ ಎರಡು ಎಂಬ ಅಂಕಿ. ಒಂದು ಸೀಳಿದರೆ ಇನ್ನೊಂದು ಎಂದು ಅವು ವರ್ಷಗಳವರೆಗೆ ಬಂದವು. ಕೊನೆಯದು ತುದಿಯಲ್ಲಿ ಬಿರುಕು ಬಿಟ್ಟದ್ದು ಎಂಬತ್ತಮೂರರ ಆಗಸ್ಟಿನಲ್ಲಿ. ಕಾರ್ಖಾನೆಯ ಕನ್ನಡ ಸಂಘದವರು ಆ ಸಲದ ರಾಜ್ಯೋತ್ಸವಕ್ಕೆ ಹೊರಗಿನ ಆರ್ಕೆಸ್ಟ್ರಾ ಬೇಡ, ನಮ್ಮ ಬೈರಪ್ಪನೇ ಊದಲಿ ಎಂದು ತೀರ್ಮಾನಿಸಿ, ಕ್ಯಾಂಟೀನಿನ ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಅವನ ಹೆಸರು ಬರೆದ ವಾರವೇ ಅದು ಬಿರುಕು ಬಿಟ್ಟಿತು.

ಸಂಘದ ಕಾರ್ಯದರ್ಶಿ ಲಕ್ಷ್ಮಣಪ್ಪ ಕಾರ್ಖಾನೆಯ ಸ್ಟೋರ್ಸಿನವನು. ಬೋಲ್ಟು, ತಂತಿ, ತಗಡುಗಳ ಖರೀದಿಗೆಂದು ಅವನ ಸ್ಕೂಟರು ಆಗಾಗ ಪೇಟೆಗೆ ಹೋಗುತ್ತಿತ್ತು. ರೀಡು ತರುವ ಕೆಲಸವನ್ನೂ ಅವನೇ ವಹಿಸಿಕೊಂಡ. ತಂದುಕೊಟ್ಟು ಹೇಳಿದ:

"ಎರಡು ನಂಬರ್ ಖಾಲಿಯಂತೆ ಕಣಯ್ಯ. ಎರಡೂವರೆ ಕೊಟ್ಟ. ಅರ್ಧ ನಂಬರ್ ತಾನೆ, ಏನಾಗುತ್ತೆ?"

ಮನೆಯಲ್ಲಿ ಊದಿ ನೋಡಿದರೆ ಏನೋ ಆಗಿತ್ತು. ಸ್ವರ ಹೊರಡುತ್ತಿತ್ತು, ಆದರೆ ಒಲ್ಲದ ಮನಸ್ಸಿನಿಂದ. ಮೊದಲು ಒಂದು ಉಸಿರಿನಲ್ಲಿ ಮುಗಿಯುತ್ತಿದ್ದ ಸಾಲಿಗೆ ಈಗ ನಡುವೆ ನಿಲ್ಲಬೇಕಾಯಿತು. ಹೊಸ ರೀಡು ಬಿಗಿಯಾಗಿರುವುದು ಸಹಜ, ಹಳೆಯದು ಸವೆದು ಮೆತ್ತಗಾಗಿತ್ತು ಎಂದು ಬೈರಪ್ಪ ಸಮಾಧಾನ ಮಾಡಿಕೊಂಡ. ಒಂದು ವಾರ ಕಳೆದರೂ ಅದು ಪಳಗಲಿಲ್ಲ. ಮತ್ತೆ ಸ್ಟೋರ್ಸಿನ ಕಿಟಕಿಗೆ ಹೋದ.

"ಬಿಗಿ ಐತೆ ಲಕ್ಷ್ಮಣಪ್ಪನೋರೆ. ವಸಿ ತೆಳ್ಳಗಿರೋದು ಬೇಕಿತ್ತು."

"ತೆಳ್ಳಗೆ ಅಂದ್ರೆ ನಂಬರ್ ಏರಿಸ್ಬೇಕು. ಮೂರು ತರ್ತೀನಿ."

"ಏರಿಸ್ಬೇಕಾ?"

ಲಕ್ಷ್ಮಣಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ನಿನಗೆ ನಾನು ಹೇಳಿಕೊಡ್ಬೇಕೇನಯ್ಯಾ? ಹದಿನಾರು ಗೇಜ್ ಶೀಟು ದಪ್ಪವೋ, ಇಪ್ಪತ್ತೆರಡು ದಪ್ಪವೋ?"

"ಹದಿನಾರು."

"ವೈರು?"

"ಅದೂ ಅಂಗೇಯ."

"ಎಮರಿ ಪೇಪರು?"

"ನಂಬರ್ ಏರ್ದಂಗೆ ನಯ."

"ಮತ್ತೆ? ಇಡೀ ಪ್ರಪಂಚ ಒಂದು ದಾರೀಲಿ ಹೋಗ್ತಾ ಇದ್ರೆ ನಿನ್ನ ಪೀಪಿ ಇನ್ನೊಂದು ದಾರಿ ಹಿಡಿಯುತ್ತಾ?"

ಬೈರಪ್ಪನದು ತಗಡಿನೊಡನೆ ಹದಿನೆಂಟು ವರ್ಷ ಕಳೆದ ಕೈ. ನಂಬರು ಏರಿದರೆ ತೆಳುವಾಗುತ್ತದೆ ಎಂಬುದು ಅವನಿಗೆ ಕಲಿತ ವಿದ್ಯೆಯಾಗಿ ಉಳಿದಿರಲಿಲ್ಲ. ನೀರು ಇಳಿಜಾರಿಗೆ ಹರಿಯುತ್ತದೆ ಎಂಬಷ್ಟು ತಾನೇ ತಾನಾದ ತಿಳಿವಳಿಕೆಯಾಗಿತ್ತು.

ಮೂರನೆಯ ನಂಬರು ಬಂತು. ಅದರಲ್ಲಿ ಸ್ವರಕ್ಕಿಂತ ಗಾಳಿಯೇ ಹೆಚ್ಚು ಕೇಳಿಸುತ್ತಿತ್ತು. ಪಂಕ್ಚರಾದ ಟ್ಯೂಬಿನ ಸದ್ದು. ಕೆಳಗಿನ ಸ್ವರಗಳು ಹೊರಡುವ ಮುನ್ನ ಕೆನ್ನೆ ನೋಯುತ್ತಿತ್ತು. ಬೈರಪ್ಪ ಪಟ್ಟಿಯನ್ನು ಸಡಿಲಿಸಿದ, ಬಿಗಿದ. ರೀಡನ್ನು ಕೂದಲೆಳೆಯಷ್ಟು ಮೇಲಕ್ಕೆ ಸರಿಸಿದ, ಕೆಳಕ್ಕೆ ಸರಿಸಿದ. ನೀರಲ್ಲಿ ನೆನೆಸಿದ, ಒಣಗಿಸಿದ. ಮಾರನೆಯ ದಿನ ಊಟದ ವಿರಾಮದಲ್ಲಿ ಮೂರೂ ರೀಡುಗಳನ್ನು, ಒಡೆದ ಎರಡು ನಂಬರಿನದನ್ನೂ ಸೇರಿಸಿ, ಮೈಕ್ರೋಮೀಟರಿನಲ್ಲಿ ಹಿಡಿದು ಅಳೆದ. ಅಲ್ಲಿಗೆ ಅವನ ತಲೆ ಪೂರ್ತಿ ಕೆಟ್ಟಿತು. ಮೂರೂ ಒಂದೇ ದಪ್ಪವಿದ್ದವು. ತುದಿಯಲ್ಲೂ ಅಷ್ಟೆ, ಬುಡದಲ್ಲೂ ಅಷ್ಟೆ. ದಪ್ಪ ಒಂದೇ ಆದರೆ ನಂಬರು ಯಾತಕ್ಕೆ? ನಂಬರು ಬೇರೆಯಾದರೆ ದಪ್ಪ ಯಾಕೆ ಒಂದೇ?

"ರೀಡು ಸರಿಯಿದೆ ಅಂತಾಯ್ತಲ್ಲ. ಮೌತ್‌ಪೀಸು ಸೊಟ್ಟಗಾಗಿದೆ" ಎಂದ ಲಕ್ಷ್ಮಣಪ್ಪ.

ಈ ಮಾತು ಬೈರಪ್ಪನಿಗೆ ಹಿಡಿಸಿತು. ಸೊಟ್ಟಗಿದೆಯೋ ಇಲ್ಲವೋ ಎಂದು ಪರೀಕ್ಷಿಸುವುದು ಅವನ ನಿತ್ಯದ ಕೆಲಸ. ಪೂರ್ಣ ಸಮತಟ್ಟಾದ ಎರಕದ ಹಾಸಿನ ಮೇಲೆ ನೀಲಿ ಬಣ್ಣದ ಜಿಡ್ಡನ್ನು ತೆಳ್ಳಗೆ ಸವರಿ, ಅದರ ಮೇಲೆ ವಸ್ತುವನ್ನು ಉಜ್ಜುತ್ತಾರೆ; ಉಬ್ಬಿದ ಕಡೆ ಮಾತ್ರ ನೀಲಿ ಹತ್ತುತ್ತದೆ, ತಗ್ಗಾದ ಕಡೆ ಹತ್ತುವುದಿಲ್ಲ. ಅವನು ಮೌತ್‌ಪೀಸಿನ ರೀಡು ಕೂರುವ ಮುಖವನ್ನು ಹಾಗೆಯೇ ಉಜ್ಜಿ ನೋಡಿದ. ನೀಲಿ ಎಲ್ಲೆಡೆ ಸಮನಾಗಿ ಹತ್ತಿತು. ಸೊಟ್ಟಿಲ್ಲ. ಅವನು ಅದನ್ನು ವೇಸ್ಟ್ ಕಾಟನ್ನಿನಲ್ಲಿ ಒರೆಸಿ ಜೇಬಿಗೆ ಹಾಕಿಕೊಂಡು ಮನೆಗೆ ಬಂದ.

ಸಂಜೆ ಹೊಸಿಲ ಬಳಿ ಕೂತು, ಕಣ್ಣು ಮುಚ್ಚಿ, ಬಲವಾಗಿ ಊದುತ್ತಿದ್ದಾಗ ಹೆಂಡತಿ ಭಾಗ್ಯಮ್ಮ ಕಾಫಿ ತಂದಳು. ತಂದವಳು ಲೋಟವನ್ನು ಅಲ್ಲಿಯೇ ಕುಕ್ಕಿದಳು.

"ಅಯ್ಯೋ ನನ್ನಪ್ಪ! ತುಟಿ ನೋಡ್ಕಳಿ, ತುಟೀನ!"

ಕನ್ನಡಿಯಲ್ಲಿ ಕಂಡ ತುಟಿ ನೇರಳೆ ಹಣ್ಣು ತಿಂದವನ ತುಟಿಯಂತಿತ್ತು. ಪಕ್ಕದ ಮನೆಯ ಪಿಳ್ಳಮ್ಮ ಬಂದು ನೋಡಿ, ಉಸಿರು ಸಾಲದವರಿಗೇ ತುಟಿ ನೀಲಿಯಾಗುವುದೆಂದೂ, ತನ್ನ ಮಾವನಿಗೂ ಮೊದಲು ತುಟಿಯೇ ನೀಲಿಯಾಯಿತೆಂದೂ ಹೇಳಿದಳು. ಮಾವನಿಗೆ ಆಮೇಲೆ ಏನಾಯಿತೆಂದು ಯಾರೂ ಕೇಳಲಿಲ್ಲ. ಅದು ಊರಿಗೇ ಗೊತ್ತಿತ್ತು. ಬೈರಪ್ಪ ವಾದ್ಯವನ್ನು ಕೆಳಗಿಟ್ಟ. ಆ ನೀಲಿ ಎಲ್ಲಿಂದ ಬಂತೆಂಬ ಯೋಚನೆ, ದಿನವಿಡೀ ಅದರಲ್ಲೇ ಕೈಯಾಡಿಸುತ್ತಿದ್ದ ಅವನಿಗೆ, ಆ ಹೊತ್ತಿನಲ್ಲಿ ಬರಲೇ ಇಲ್ಲ. ಭಯ ಬಂದಿತ್ತು. ಸ್ವರ ಹೊರಡದಿರುವುದಕ್ಕೆ ಕಾರಣ ಕೊನೆಗೂ ಸಿಕ್ಕಿತೆಂದು ಅವನಿಗನ್ನಿಸಿತು.

ಇ.ಎಸ್.ಐ. ದವಾಖಾನೆಯ ಡಾಕ್ಟರಮ್ಮ ಎದೆಗೆ ಕೊಳವೆಯಿಟ್ಟು ಕೇಳಿದರು, ಬೆನ್ನಿಗಿಟ್ಟು ಕೇಳಿದರು. "ಉಸಿರೆಳ್ಕೊಳ್ಳಿ. ಬಿಡಿ. ಇನ್ನೊಂದ್ಸಲ." ಬೈರಪ್ಪ ಬಿಟ್ಟ ಉಸಿರಿಗೆ ಮೇಜಿನ ಮೇಲಿದ್ದ ಚೀಟಿಗಳು ಹಾರಿದವು. ಅವರು ತುಟಿಯನ್ನು ಬೆಳಕಿಗೆ ಹಿಡಿದು ನೋಡಿ, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಹತ್ತಿಯನ್ನು ಅವನ ಮುಂದೆ ಹಿಡಿದರು.

"ಇದು ಬಣ್ಣ ಕಣ್ರೀ. ಏನು ಬಾಯಿಗೆ ಹಾಕ್ಕೊಂಡ್ರಿ?"

ಬೈರಪ್ಪ ಹತ್ತಿಯನ್ನು ನೋಡಿದ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಭಾಗ್ಯಮ್ಮನಿಗೆ ವಿಷಯ ತಿಳಿದಾಗ ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಎಂದು ಅವನಿಗೆ ಗೊತ್ತಾಗಲಿಲ್ಲ. ಬಸ್ಸಿನಲ್ಲಿ ಅವಳೇ ಹೇಳಿದಳು: "ನಾನು ಬಸಪ್ಪನ ಗುಡೀಗೆ ಹರಕೆ ಹೊತ್ಬಿಟ್ನಲ್ಲ. ಈಗ ಬಣ್ಣಕ್ಕೆ ಅಂತ ಹೆಂಗೆ ಹೇಳ್ಳಿ ಪೂಜಾರಪ್ಪನಿಗೆ?"

ಕಾರ್ಖಾನೆಯಲ್ಲಿ ಈ ಸುದ್ದಿ ಒಂದು ಪಾಳಿಯೊಳಗೆ ಹಬ್ಬಿತು. ಪ್ರೆಸ್ ಶಾಪಿನ ಶ್ಯಾಮಣ್ಣ ರಾಜ್ಯೋತ್ಸವಕ್ಕೆ ಬೈರಪ್ಪನ ಜೊತೆಗೆ ಡೋಲಕ್ಕು ಬಾರಿಸಬೇಕಾಗಿದ್ದವನು. "ಏನ್ ಗುರು, ಲಿಪ್‌ಸ್ಟಿಕ್ ಹಾಕ್ಕೊಂಡು ದವಾಖಾನೆಗೆ ಹೋಗಿದ್ಯಂತೆ?" ಎಂದು ಕೇಳಿದ. ಬೈರಪ್ಪ ನಕ್ಕ. ನಕ್ಕರೂ ಅವನ ಲೆಕ್ಕ ಬಗೆಹರಿಯಲಿಲ್ಲ. ಅಷ್ಟರಲ್ಲಿ ಲಕ್ಷ್ಮಣಪ್ಪ, ಇನ್ನೂ ತೆಳುವಾದದ್ದೇ ಇರಲಿ ಎಂದು, ಮೂರೂವರೆಯನ್ನು ತಂದುಕೊಟ್ಟಿದ್ದ. ಅದನ್ನು ಊದುವುದೆಂದರೆ ಮುಚ್ಚಿದ ಬಾಗಿಲನ್ನು ಉಸಿರಿನಿಂದ ತಳ್ಳಿದ ಹಾಗೆ. ಕೆಳಗಿನ ಸ್ವರಗಳು ಹೊರಡಲೇ ಇಲ್ಲ.

ರೀಡಿನ ದಪ್ಪ ಸರಿಯಿದೆ. ಮೌತ್‌ಪೀಸು ಸಮತಟ್ಟಾಗಿದೆ. ಎದೆ ಚೆನ್ನಾಗಿದೆ ಎಂದು ಡಾಕ್ಟರಮ್ಮ ಹೇಳಿದ್ದಾರೆ. ಎಲ್ಲವೂ ಸರಿಯಿದ್ದ ಮೇಲೆ ಯಾವುದು ಕೆಟ್ಟಿದೆ? ಪ್ಯಾನೆಲ್ ಪೆಟ್ಟಿಗೆಯ ಬಾಗಿಲು ಕೂರದಿದ್ದರೆ ಒಂದೊಂದಾಗಿ ಪರೀಕ್ಷಿಸುತ್ತ ಹೋಗಿ, ಕೊನೆಗೆ ಉಳಿದದ್ದೇ ದೋಷವೆಂದು ಹಿಡಿಯುವುದು ಅವನ ಕ್ರಮ. ಇಲ್ಲಿ ಕೊನೆಗೆ ಉಳಿದವನು ಅವನೊಬ್ಬನೇ. ಡಾಕ್ಟರಮ್ಮ ಕೇಳಿದ್ದು ಬದುಕುವ ಉಸಿರನ್ನು. ಊದುವ ಉಸಿರು ಬೇರೆಯೇ ಇರಬಹುದು, ಅದು ವಯಸ್ಸಿನೊಡನೆ ಸದ್ದಿಲ್ಲದೆ ಸೋರಿಹೋಗುವಂಥದಿರಬಹುದು ಎಂದು ಅವನು ಯೋಚಿಸತೊಡಗಿದ. ಸೈಕಲ್ಲಿನಲ್ಲಿ ಏರು ಹತ್ತುವಾಗ ಏದುಸಿರನ್ನು ಗಮನಿಸುತ್ತಿದ್ದ. ಮೊದಲೂ ಹೀಗೆ ಏದುತ್ತಿದ್ದೆನೇ ಎಂದು ನೆನಪಿಸಿಕೊಳ್ಳಲು ನೋಡುತ್ತಿದ್ದ, ನೆನಪಾಗುತ್ತಿರಲಿಲ್ಲ. ಆದರೂ ಅಭ್ಯಾಸ ಬಿಡಲಿಲ್ಲ. ದಿನವೂ ಸಂಜೆ ಮೂರೂವರೆಯ ಆ ಮುಚ್ಚಿದ ಬಾಗಿಲನ್ನು ಉಸಿರಿನಿಂದ ತಳ್ಳಿ ತಳ್ಳಿ, ದವಡೆ ಹಿಡಿದುಕೊಂಡು ಊಟಕ್ಕೆ ಏಳುತ್ತಿದ್ದ.

ರಾಜ್ಯೋತ್ಸವಕ್ಕೆ ಹಿಂದಿನ ಭಾನುವಾರ ಅವನು ವಾದ್ಯದ ಪೆಟ್ಟಿಗೆಯನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿದ.

"ಎಲ್ಲಿಗೆ?" ಎಂದಳು ಭಾಗ್ಯಮ್ಮ.

"ಮರಿಯಮ್ಮನೋರ್ಗೆ ವಾಪಸ್ ಕೊಟ್ಬತ್ತೀನಿ. ನನ್ ಕೈಲಾಗಕಿಲ್ಲ."

"ಹಲಗೆ ಮೇಲೆ ಹೆಸರು ಬರ್ದವ್ರಂತಲ್ಲ?"

"ಅಳಿಸ್ತಾರೆ ಬುಡು. ಸೀಮೆಸುಣ್ಣ ತಾನೆ."

ಮರಿಯಮ್ಮ ಕ್ವಾರ್ಟರ್ಸು ಬಿಟ್ಟು ಸ್ಟೇಷನ್ನಿನ ಆಚೆ ಮಗಳ ಮನೆಯಲ್ಲಿದ್ದಳು. ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದವಳು ಪೆಟ್ಟಿಗೆಯನ್ನು ಕಂಡು ಮೊರವನ್ನು ಪಕ್ಕಕ್ಕಿಟ್ಟಳು. ಬೈರಪ್ಪ ತನ್ನ ಉಸಿರು ಮುಗಿದದ್ದನ್ನು ಆದಷ್ಟು ಮರ್ಯಾದೆಯಿಂದ ನಿವೇದಿಸಿಕೊಂಡ. ಅವಳು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಪೆಟ್ಟಿಗೆ ತೆರೆದು, ಮೌತ್‌ಪೀಸಿನ ತುದಿಯ ರೀಡನ್ನು ಹೆಬ್ಬೆರಳಿನಿಂದ ಬಾಗಿಸಿ ನೋಡಿದಳು. ಅದು ಬಾಗಲಿಲ್ಲ.

"ಇದ್ಯಾವ್ದಪ್ಪ ಹಲಗೆ ಚೂರು ಕಟ್ಕೊಂಡಿದ್ದೀಯ?"

"ಮೂರೂವರೆ ಕಣಮ್ಮ. ತೆಳ್ಳಗಿರ್ಲಿ ಅಂತ."

"ಮೂರೂವರೆ!" ಮರಿಯಮ್ಮ ಬಾಯಿಗೆ ಕೈ ಅಡ್ಡ ಇಟ್ಟಳು. "ಇದನ್ನ ನಮ್ಮೆಜಮಾನ್ರು ಪಟಾಲಮ್ಮಿನಲ್ಲಿದ್ದಾಗ ಊದ್ತಿದ್ರು, ಹುಡುಗಾಟದ ವಯಸ್ಸಲ್ಲಿ. ಆಮೇಲೆ ಮೂರಕ್ಕಿಳಿದ್ರು. ಕೊನೆಕೊನೆಗೆ ಎರಡು. 'ಎದೆ ಇಳೀತು ಮರಿಯಾ, ನಂಬರ್ರೂ ಇಳಿಸ್ಬೇಕು' ಅಂತಿದ್ರು."

ಬೈರಪ್ಪ ಅವಳ ಮುಖವನ್ನೇ ನೋಡಿದ. "ಇಳಿಸಿದ್ರೆ ದಪ್ಪ ಆಗಕಿಲ್ವೇನಮ್ಮ?"

"ದಪ್ಪನೋ ತೆಳುವೋ ನಂಗೇನ್ ಗೊತ್ತು? ಎರಡು ಮೆತ್ತಗೆ, ಮೂರು ಗಟ್ಟಿ."

"ಅಳದು ನೋಡಿದ್ನಲ್ಲ. ಎಲ್ಲ ಒಂದೇ ದಪ್ಪ ಅವೆ."

"ಅಕ್ಕೀನೂ ಒಂದೇ ದಪ್ಪ ಇರ್ತದಪ್ಪ. ಒಂದು ಬೇಗ ಬೇಯುತ್ತೆ, ಒಂದು ಎಷ್ಟು ಉರಿ ಹಾಕಿದ್ರೂ ಬೇಯಲ್ಲ." ಅವಳು ಮೊರವನ್ನು ಮತ್ತೆ ಮಡಿಲಿಗೆಳೆದುಕೊಂಡಳು. "ಪೆಟ್ಟಿಗೆ ಎತ್ಕೊಂಡು ಹೋಗು. ಇಲ್ಲಿ ಇಡೋಕೆ ಜಾಗ ಇಲ್ಲ. ಅಳಿಯ ಬೇರೆ ಹೊಸ ಮಂಚ ತಂದವ್ನೆ."

ಬೈರಪ್ಪ ಸೈಕಲ್ಲನ್ನು ಹತ್ತದೆ ತಳ್ಳಿಕೊಂಡೇ ಸ್ವಲ್ಪ ದೂರ ನಡೆದ. ಅವರ ಕಾರ್ಖಾನೆಯ ಪಕ್ಕದ ಶೆಡ್ಡಿನಲ್ಲಿ ಉಕ್ಕಿಗೆ ಹದ ಹಾಕುತ್ತಿದ್ದರು. ತಗಡಿಗೆ ತೂತು ಹೊಡೆಯುವ ಪಂಚುಗಳನ್ನು ತಿದ್ದಿ ಅವನೇ ಅಲ್ಲಿಗೆ ಒಯ್ಯುತ್ತಿದ್ದ. ಅವರು ವಜ್ರದ ಮೊನೆಯನ್ನು ಒತ್ತಿ, ಗಡಸು ಎಷ್ಟೆಂದು ನಂಬರು ಹೇಳುತ್ತಿದ್ದರು. ನಂಬರು ಏರಿದಷ್ಟೂ ಗಡಸು. ಇಷ್ಟು ವರ್ಷ ಆ ನಂಬರನ್ನು ಕೇಳಿಕೊಂಡು ಬಂದಿದ್ದಾನೆ. ಅದು ಗೇಜಿನ ನಂಬರಿಗೆ ಉಲ್ಟಾ ಎಂದು ಒಮ್ಮೆಯೂ ಅವನಿಗೆ ತೋರಿರಲಿಲ್ಲ. ಎರಡೂ ತಮ್ಮ ತಮ್ಮ ಶೆಡ್ಡುಗಳಲ್ಲಿದ್ದವು. ಒಂದೇ ತಲೆಯೊಳಗಿದ್ದರೂ ಎಂದೂ ಎದುರಾಗಿರಲಿಲ್ಲ.

ಎದುರಾದ ಮೇಲೆ ಮನಸ್ಸು ಹಗುರಾಗಬೇಕಿತ್ತು. ಆಗಲಿಲ್ಲ. ಚಪ್ಪಲಿಯ ನಂಬರು ಏರಿದರೆ ದೊಡ್ಡದು, ನೂಲಿನ ನಂಬರು ಏರಿದರೆ ಸಣ್ಣ, ಕನ್ನಡಕದ ನಂಬರು ಏರಿದರೆ ಗಾಜು ದಪ್ಪ, ಕಣ್ಣು ಮಂದ. ದಾರಿಯುದ್ದಕ್ಕೂ ಅವನು ಒಂದೊಂದನ್ನೂ ಯಾವ ಶೆಡ್ಡಿಗೆ ಸೇರಿಸಬೇಕೆಂದು ಯೋಚಿಸುತ್ತ, ಲಗ್ಗೆರೆಯ ತಿರುವನ್ನು ದಾಟಿ ಮುಂದೆ ಹೋಗಿ, ಹಿಂದಕ್ಕೆ ಬಂದ.

ಲಕ್ಷ್ಮಣಪ್ಪ ಒಪ್ಪಲಿಲ್ಲ. "ಅಡಿಗೆಮನೆ ಅಕ್ಕಿ ಲೆಕ್ಕಾನ ಸ್ಟೋರ್ಸಿಗೆ ತರ್ತೀಯಲ್ಲಯ್ಯ. ಇನ್ನೂ ಮೇಲಿನ ನಂಬರ್ ಐದರವರೆಗೆ ಇದೆಯಂತೆ, ನಾನು ಅದನ್ನ ತರೋಣ ಅಂತಿದ್ದೆ."

"ಬೇಡಿ ಲಕ್ಷ್ಮಣಪ್ಪನೋರೆ, ಸತ್ತೋಯ್ತೀನಿ. ಎರಡೇ ಬೇಕು."

"ತರ್ತೀನಿ. ಆದ್ರೆ ನಿನ್ನ ರಿಸ್ಕು." ಲಕ್ಷ್ಮಣಪ್ಪ ಈ ಮಾತನ್ನು ಗಂಭೀರವಾಗಿಯೇ ಹೇಳಿದ. ಹೇಳಿದ ಮೇಲೆ ಕೆಲಸವನ್ನು ಮಾತ್ರ ನಿಷ್ಠೆಯಿಂದ ಮಾಡುವವನು. ಪೇಟೆಯೆಲ್ಲ ಅಲೆದು, ಎರಡು ನಂಬರಿನ ಒಂದು ರೀಡನ್ನು ಸಂಪಾದಿಸಿದ.

ಅದು ಕೈಸೇರುವ ಮುನ್ನ, ಸಿಗದಿದ್ದರೆ ಏನು ಗತಿ ಎಂಬ ಅಂಜಿಕೆಯಿಂದ ಬೈರಪ್ಪ ಸೋಮವಾರ ಊಟದ ಹೊತ್ತಿನಲ್ಲಿ ಮೂರೂವರೆ ನಂಬರಿನದನ್ನೇ ತೆಗೆದುಕೊಂಡು, ಗಾಜಿನ ಮೇಲೆ ನಯವಾದ ಎಮರಿ ಪೇಪರನ್ನು ಹರಡಿ, ರೀಡಿನ ತುದಿಯನ್ನು ಬಹಳ ಮೆಲ್ಲಗೆ ಉಜ್ಜಿದ. ಉಜ್ಜುವುದು, ಹೆಬ್ಬೆರಳಿನಿಂದ ಬಾಗಿಸುವುದು, ಬೆಳಕಿಗೆ ಹಿಡಿಯುವುದು. ಗಡಸನ್ನು ತೆಗೆಯಲು ಅವನಿಗೆ ಬರುವುದಿಲ್ಲ. ದಪ್ಪವನ್ನು ತೆಗೆಯಲು ಬರುತ್ತದೆ. ದಪ್ಪ ತೆಗೆದರೆ ಗಡಸು ತಗ್ಗುವುದೋ ಇಲ್ಲವೋ ಎಂಬುದು ಅವನಿಗೆ ಸ್ಪಷ್ಟವಿರಲಿಲ್ಲ. ಅದನ್ನು ಬನಿಯನ್ ಚೂರಿನಲ್ಲಿ ಸುತ್ತಿಟ್ಟ.

ರಾಜ್ಯೋತ್ಸವದ ಬೆಳಿಗ್ಗೆ ಕಾರ್ಖಾನೆಯ ಗೇಟಿನಲ್ಲಿ ಬಾವುಟ ಏರಿತು. ಕ್ಯಾಂಟೀನಿನ ಮುಂದಿನ ವೇದಿಕೆಗೆ ಹೋಗುವಾಗ ಲಕ್ಷ್ಮಣಪ್ಪ ಎರಡು ನಂಬರಿನ ಹೊಸ ರೀಡನ್ನು ಅವನ ಅಂಗೈಗಿಟ್ಟ. ಊದಿ ನೋಡಲು ಸಮಯವಿರಲಿಲ್ಲ. ಕುಟುಂಬದವರೆಲ್ಲ ಬಂದಿದ್ದರು, ಹೆಂಗಸರ ಸಾಲಿನಲ್ಲಿ ಭಾಗ್ಯಮ್ಮ, ಅವಳ ಪಕ್ಕದಲ್ಲಿ ಪಿಳ್ಳಮ್ಮ. ಶ್ಯಾಮಣ್ಣ ಡೋಲಕ್ಕಿನ ಹಗ್ಗವನ್ನು ಬಿಗಿದುಕೊಂಡು, "ಶುರು ಮಾಡು ಗುರು" ಎಂದ.

ಬೈರಪ್ಪ ಎದೆ ತುಂಬ ಉಸಿರು ತೆಗೆದು ಊದಿದ.

ಸ್ವರ ಸ್ಫೋಟಿಸಿದಂತೆ ಹೊರಬಿತ್ತು. ಹೊರಬಿದ್ದದ್ದು ಕಿರುಚಿ, ಅರ್ಧದಲ್ಲೇ ಹಿಸುಕಿದಂತಾಗಿ ನಿಂತಿತು. ಮತ್ತೆ ಊದಿದ. ರೀಡು ಮೌತ್‌ಪೀಸಿನ ತುಟಿಗೆ ಅಂಟಿಕೊಂಡು ಬಾಯಿ ಮುಚ್ಚಿತು. ಹಿಂದಿನ ಸಾಲಿನಿಂದ ಯಾರೋ ಕೂಗಿದರು: "ಬೈರಪ್ಪೋ, ಶಿಫ್ಟ್ ಮುಗೀತೇನೋ? ಸೈರನ್ ಆಯ್ತು!" ಜನ ನಕ್ಕರು. ಬೈರಪ್ಪನಿಗೆ ಮರಿಯಮ್ಮ ಹೇಳಿದ್ದೂ ಸುಳ್ಳೇ ಎನ್ನಿಸಿತು. ಗಟ್ಟಿಯಾದದ್ದು ನುಡಿಯಲಿಲ್ಲ, ಮೆತ್ತಗಿನದೂ ನುಡಿಯುತ್ತಿಲ್ಲ. ಎರಡು ತಿಂಗಳು ಬಿಗಿಯಾದ ರೀಡನ್ನು ತಳ್ಳಿ ತಳ್ಳಿ ತನ್ನ ತುಟಿಯೂ ಉಸಿರೂ ಎಷ್ಟು ಬಲಿತಿವೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ತೆರೆದಿದ್ದ ಬಾಗಿಲನ್ನು ಅವನು ಅದೇ ಬಲದಿಂದ ತಳ್ಳಿದ್ದ.

ಲಕ್ಷ್ಮಣಪ್ಪ ಮೈಕಿನ ಬಳಿಗೆ ಧಾವಿಸಿದ. "ಬಂಧುಗಳೇ, ಕೆಲವು ತಾಂತ್ರಿಕ ಕಾರಣಗಳಿಂದ..."

"ಕಾರಣ ನೀನೇ ಕಣಣ್ಣೋ" ಎಂದ ಶ್ಯಾಮಣ್ಣ ಕೆಳದನಿಯಲ್ಲಿ. ಮೈಕು ಅದನ್ನೂ ಕೇಳಿಸಿಕೊಂಡಿತು.

ನಗುವಿನ ನಡುವೆ ಬೈರಪ್ಪ ಜೇಬಿನಿಂದ ಬನಿಯನ್ ಚೂರನ್ನು ತೆಗೆದ. ಯಾವ ಲೆಕ್ಕವೂ ತಲೆಯಲ್ಲಿರಲಿಲ್ಲ. ಬೇರೆ ರೀಡು ಜೇಬಿನಲ್ಲಿರಲಿಲ್ಲ, ಅಷ್ಟೆ. ಉಜ್ಜಿದ ರೀಡನ್ನು ನಾಲಿಗೆಯಲ್ಲಿ ತೇವಗೊಳಿಸಿ, ಕೂಡಿಸಿ, ಪಟ್ಟಿಯ ತಿರುಪುಗಳನ್ನು ಬಿಗಿದ. ಊದಿದ.

ಸ್ವರ ಬಂತು. ಕೆಳಗಿನಿಂದ, ತುಂಬಿಕೊಂಡು, ಅಲುಗದೆ ಬಂತು. ಸವರಿಯಪ್ಪನ ರೀಡುಗಳಲ್ಲೂ ಅದು ಅಷ್ಟು ದಪ್ಪಗೆ ಬಂದಿರಲಿಲ್ಲ. ಬೈರಪ್ಪ ಬೆಚ್ಚಿದ, ಮುಂದಿನ ಸ್ವರಕ್ಕೆ ಬೆರಳಿಡುವುದು ಒಂದು ಕ್ಷಣ ತಡವಾಯಿತು. ಆಮೇಲೆ ಬೆರಳುಗಳು ತಾವಾಗಿ ನಡೆದವು. ಶ್ಯಾಮಣ್ಣ ತಾಳದಲ್ಲಿ ಹಿಂದೆ ಬಿದ್ದು, ಮತ್ತೆ ಹಿಡಿದುಕೊಂಡ. ನಡುವೆ ನಿಲ್ಲಬೇಕಾಗಿದ್ದ ಸಾಲುಗಳು ಒಂದೇ ಉಸಿರಿನಲ್ಲಿ ಮುಗಿಯುತ್ತ ಹೋದವು. ಹಿಂದಿನ ಸಾಲಿನವರು ಮಾತು ನಿಲ್ಲಿಸಿದರು. ಪಿಳ್ಳಮ್ಮ ಕತ್ತು ಚಾಚಿ ಅವನ ತುಟಿಯನ್ನೇ ನೋಡುತ್ತಿದ್ದಳು.

ಹಾಡಿನ ಕೊನೆಯ ಸ್ವರ ನೀಳವಾದದ್ದು. ಬೈರಪ್ಪ ಅದನ್ನು ಹಿಡಿದ. ಶ್ಯಾಮಣ್ಣ ಮುಕ್ತಾಯ ಬಾರಿಸಿ ಕೈಯೆತ್ತಿದ. ಸ್ವರ ನಿಲ್ಲಲಿಲ್ಲ. ಅವನು ಇನ್ನೊಮ್ಮೆ ಮುಕ್ತಾಯ ಬಾರಿಸಿದ. ಉಸಿರು ಈಗ ಮುಗಿಯುತ್ತದೆ, ಈಗ ಮುಗಿಯುತ್ತದೆ ಎಂದು ಬೈರಪ್ಪನೂ ಕಾಯುತ್ತಿದ್ದ, ಅದು ಮುಗಿಯುತ್ತಿರಲಿಲ್ಲ. ಎಲ್ಲಿಂದ ಬರುತ್ತಿದೆಯೆಂದು ಅವನಿಗೆ ತಿಳಿಯಲಿಲ್ಲ.

"ಸಾಕು ನಿಲ್ಸೋ ಗುರು" ಎಂದ ಶ್ಯಾಮಣ್ಣ, ತುಟಿ ಅಲುಗಿಸದೆ. "ಕೇಸರಿಬಾತ್ ಆರೋಗ್ತಾ ಐತೆ."

ಬೈರಪ್ಪ ತಲೆಯಾಡಿಸಿದ. ತಲೆಯಾಡಿಸುತ್ತಲೇ ಊದಿದ.